ತಮಾಷೆಗೆ ಹೇಳಿದ್ದಂತೆ!

ನಿನ್ನೆ ನೆಂಟರ ಮನೆಯ ಉಪನಯನಕ್ಕೆ ಹೋಗಿದ್ದೆ. ಹೋಳಿಗೆ ಚೆನ್ನಾಗಿತ್ತು, ಮಜ್ಜಿಗೆಹುಳಿ ಇನ್ನೂ ಚೆನ್ನಾಗಿತ್ತು, ಆದರೆ ನೆಮ್ಮದಿಯಿಂದ ಉಣ್ಣಲು ಆಗಲಿಲ್ಲ. ವಟುವಿಗೆ ಹದಿಮೂರು ವರ್ಷ. ನೂರಾರು ಜನರ ಎದುರು, ವಿಡಿಯೊದವರ ದೀಪದ ಬೆಳಕಿನಲ್ಲಿ ಬರಿಮೈಯಲ್ಲಿ ಕುಳಿತಿದ್ದ. ಎದೆ ಸ್ವಲ್ಪ ಉಬ್ಬಿತ್ತು. ಶಲ್ಯವನ್ನು ಎಳೆದೆಳೆದು ಮುಚ್ಚಿಕೊಳ್ಳುತ್ತಿದ್ದ, ಅದು ಜಾರುತ್ತಿತ್ತು. ಮುಂದಿನ ಸಾಲಿನ ಹಿರಿಯರೊಬ್ಬರಿಗೆ ಇದು ಕಂಡಿತು. "ಏನೋ, ಜನಿವಾರದ ಜೊತೆಗೆ ನಿನಗೊಂದು ರವಿಕೆಯನ್ನೂ ಹೊಲಿಸಬೇಕಲ್ಲೋ!" ಎಂದು ಇಡೀ ಛತ್ರಕ್ಕೆ ಕೇಳುವಂತೆ ಹೇಳಿದರು. ಎಲ್ಲರೂ ನಕ್ಕರು. ಹುಡುಗನೂ ನಕ್ಕ.

ನನ್ನ ಹೊಟ್ಟೆ ಉರಿದದ್ದು ಹುಡುಗ ನಕ್ಕಿದ್ದಕ್ಕೆ. ನಗದೆ ಅವನಿಗೆ ಬೇರೆ ದಾರಿ ಇರಲಿಲ್ಲ. ಅತ್ತರೆ "ಹೆಣ್ಣಿಗ", ಸಿಟ್ಟಾದರೆ "ತಮಾಷೆ ಗೊತ್ತಿಲ್ಲದವನು". ನಮ್ಮಲ್ಲಿ ಗಂಡುಮಕ್ಕಳು ತಮ್ಮ ಅವಮಾನಕ್ಕೆ ತಾವೇ ಮೊದಲು ನಗುವುದನ್ನು ಗಾಯತ್ರಿ ಮಂತ್ರಕ್ಕಿಂತ ಮೊದಲೇ ಕಲಿತಿರುತ್ತಾರೆ.

ಊಟದ ಪಂಕ್ತಿಯಲ್ಲಿ ಆ ಹಿರಿಯರ ಪಕ್ಕದಲ್ಲಿಯೇ ಕುಳಿತೆ. ಬೇಕೆಂದೇ. ಹರೆಯ ಬರುವಾಗ ಹಾರ್ಮೋನುಗಳ ಏರುಪೇರಿನಿಂದ ಎಷ್ಟೋ ಹುಡುಗರಿಗೆ ಹೀಗೆ ಎದೆ ಉಬ್ಬುತ್ತದೆ, ವೈದ್ಯರು ಅದನ್ನು ಗೈನಕೊಮಾಸ್ಟಿಯಾ ಎನ್ನುತ್ತಾರೆ, ಬಹುತೇಕ ಮಕ್ಕಳಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿಯೇ ಇಳಿಯುತ್ತದೆ ಎಂದೆಲ್ಲ ವಿವರಿಸಿದೆ. ಅವರು ಪಾಯಸ ಹಾಕಿಸಿಕೊಳ್ಳುತ್ತಾ, "ಅಯ್ಯೋ, ತಮಾಷೆಗೆ ಹೇಳಿದ್ದಪ್ಪಾ, ನೀನು ಯಾಕೆ ಇಷ್ಟು ಗಂಭೀರನಾಗುತ್ತೀಯೆ?" ಎಂದರು. ಎದೆಯ ಊತವೇನೋ ಇಳಿಯುತ್ತದೆ. ಆ ಮಾತು ಇಳಿಯಲು ಎಷ್ಟು ವರ್ಷ ಬೇಕು ಎಂದು ಅವರನ್ನು ಕೇಳಬೇಕಿತ್ತು.

ನನ್ನನ್ನು ಮೈಸೂರಿನ ಕಾಲೇಜು ದಿನಗಳಿಂದ ಬಲ್ಲವರಿಗೆ ನನ್ನ ಬಿರುದು ನೆನಪಿರುತ್ತದೆ: ಕಡ್ಡಿ ಪೈಲ್ವಾನ. ನೀವೇ ಕೊಟ್ಟದ್ದು, ಮಹನೀಯರೇ. ನಿಮಗೆ ಗೊತ್ತಿಲ್ಲದ್ದೂ ಒಂದಿದೆ. ತೋಳು ಸ್ವಲ್ಪ ದಪ್ಪ ಕಾಣಲೆಂದು ಏಪ್ರಿಲ್ ತಿಂಗಳ ಬಿಸಿಲಿನಲ್ಲಿಯೂ ನಾನು ಅಂಗಿಯ ಒಳಗೆ ಎರಡೆರಡು ಬನಿಯನ್ ಹಾಕಿಕೊಂಡು ಬರುತ್ತಿದ್ದೆ. ಬೆವರಿಗೆ ಬೆನ್ನೆಲ್ಲ ಸಾಲೆ ಬಿದ್ದಿತ್ತು. ಇದನ್ನು ಹೆಂಡತಿಗೂ ಹೇಳಿರಲಿಲ್ಲ, ಇಲ್ಲಿ ಓದಿ ತಿಳಿದುಕೊಳ್ಳುತ್ತಾಳೆ. ಆಗ "ಮನೆಯಲ್ಲಿ ಊಟ ಹಾಕುವುದಿಲ್ಲವೇ?" ಎಂದು ಕೇಳುತ್ತಿದ್ದ ಅದೇ ಬಂಧುಗಳು ಈಗ ನನ್ನ ಹೊಟ್ಟೆ ತಟ್ಟಿ "ಎಷ್ಟನೇ ತಿಂಗಳು?" ಎನ್ನುತ್ತಾರೆ. ಹಾಗಾದರೆ ನಾನು ಸರಿಯಾಗಿದ್ದದ್ದು ಯಾವಾಗ? ಬಹುಶಃ ನಡುವೆ ಯಾವುದೋ ಒಂದು ಮಂಗಳವಾರ. ಅಂದು ಇವರ‍್ಯಾರೂ ಎದುರಿಗೆ ಸಿಗಲಿಲ್ಲ.

"ನಿನ್ನ ಆರೋಗ್ಯದ ಕಾಳಜಿಯಿಂದ ಹೇಳುತ್ತೇವೆ" ಎನ್ನುವವರೂ ಇದ್ದಾರೆ. ಕಾಳಜಿಯಿದ್ದವರು ಸಕ್ಕರೆ ಪರೀಕ್ಷೆ ಮಾಡಿಸಿದೆಯಾ ಎಂದು ಪಕ್ಕಕ್ಕೆ ಕರೆದು ಕೇಳುತ್ತಾರೆ, ಛತ್ರದ ನಡುವೆ ಕೂಗುವುದಿಲ್ಲ. ಇನ್ನು ಕಣ್ಣಳತೆಯಲ್ಲಿಯೇ ಆರೋಗ್ಯ ಅಳೆಯುವ ಈ ತಜ್ಞರಿಗೆ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಅವರ ಒಂದು ಫೋಟೊ ತೋರಿಸಬೇಕು. ಅವರು ಬ್ರಿಟನ್ನಿನ ವೈದ್ಯ ಜಾನ್ ಯುಡ್ಕಿನ್ ಜೊತೆ ನಿಂತು ತೆಗೆಸಿಕೊಂಡದ್ದು, 2004ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದದ್ದು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, ಕೂಡ 22.3. ಆದರೆ ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬು ಶೇ 9.1, ನಮ್ಮ ಯಾಜ್ಞಿಕರದ್ದು ಶೇ 21.2! ತೆಳ್ಳಗೆ ಕಾಣುವ ಭಾರತೀಯನ ಒಳಗೂ ಕೊಬ್ಬು ಅವಿತಿರಬಹುದು. ಅಂದರೆ ನನ್ನನ್ನು ಕಡ್ಡಿ ಎಂದು ನಕ್ಕವರ ಲೆಕ್ಕವೂ ತಪ್ಪು, ಡೊಳ್ಳು ಎಂದು ನಗುವವರು ಹೇಳುವ ಮಾತಿನಲ್ಲಿ ನನಗೆ ಗೊತ್ತಿಲ್ಲದ ಸಂಗತಿಯೂ ಇಲ್ಲ.

ಈ ನಗುವಿಗೆ ಹೆದರಿಯೇ ಹುಡುಗರು ಜಿಮ್ಮಿಗೆ ಓಡುತ್ತಾರೆ. ವ್ಯಾಯಾಮ ಒಳ್ಳೆಯದೇ, ನನ್ನ ತಕರಾರಿಲ್ಲ. ಆದರೆ ಮೂರು ತಿಂಗಳಲ್ಲಿ ಮೈ ತುಂಬಬೇಕೆಂದು ಯಾರೋ ಕೊಟ್ಟ ಸ್ಟೀರಾಯ್ಡ್, ಅಂದರೆ ಗಂಡು ಹಾರ್ಮೋನಿನಂಥ ಔಷಧ, ಚುಚ್ಚಿಸಿಕೊಳ್ಳುವವರೂ ಇದ್ದಾರೆ. ಆ ಹಾರ್ಮೋನಿನ ಒಂದು ಪಾಲು ದೇಹದಲ್ಲಿ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನಾಗಿ ಬದಲಾಗಿ ಎದೆಯೇ ಉಬ್ಬಬಹುದು. ಯಾವುದನ್ನು ಮುಚ್ಚಲು ಹೊರಟರೋ ಅದನ್ನೇ ದುಡ್ಡು ಕೊಟ್ಟು ತಂದುಕೊಂಡಂತಾಯಿತು. ಅಮೆರಿಕದ ಮನೋವೈದ್ಯ ಹ್ಯಾರಿಸನ್ ಪೋಪ್ ಮತ್ತು ಸಂಗಡಿಗರು 1990ರ ದಶಕದಲ್ಲಿಯೇ ದೇಹದಾರ್ಢ್ಯ ಪಟುಗಳಲ್ಲಿ ಒಂದು ವಿಚಿತ್ರವನ್ನು ಗುರುತಿಸಿದ್ದರು. ಬೆಟ್ಟದಂತೆ ಬೆಳೆದ ಗಂಡಸರು ಕನ್ನಡಿಯಲ್ಲಿ ತಮ್ಮನ್ನು ಸಣಕಲರಂತೆ ಕಂಡು, ಮೈ ತೋರಿಸಲು ನಾಚಿ ದೊಗಳೆ ಬಟ್ಟೆ ತೊಡುತ್ತಿದ್ದರಂತೆ. ಓದಿದಾಗ ನನ್ನ ಬನಿಯನ್‌ಗಳು ನೆನಪಾದವು.

ಸಿಕ್ಸ್ ಪ್ಯಾಕ್ ಇಲ್ಲದಿದ್ದರೆ ಗಂಡಸೇ ಅಲ್ಲ ಎನ್ನುವವರು ಒಮ್ಮೆ ಶ್ರವಣಬೆಳಗೊಳದ ಬೆಟ್ಟ ಹತ್ತಲಿ. 981ರ ಸುಮಾರಿಗೆ ಚಾವುಂಡರಾಯ ನಿಲ್ಲಿಸಿದ ಆ ಐವತ್ತೇಳು ಅಡಿಯ ಬಾಹುಬಲಿ, ಮಲ್ಲಯುದ್ಧದಲ್ಲಿ ಅಣ್ಣ ಭರತನನ್ನು ಗೆದ್ದವನು. ಆದರೂ ಶಿಲ್ಪಿ ಅವನ ಹೊಟ್ಟೆಯ ಮೇಲೆ ಒಂದೇ ಒಂದು ಗಂಟು ಕೆತ್ತಿಲ್ಲ. ನುಣುಪಾದ, ಮೃದುವಾದ ಹೊಟ್ಟೆ. ಸಾವಿರ ವರ್ಷದಿಂದ ಒಂದು ನೂಲೂ ಇಲ್ಲದೆ ನಿಂತಿದ್ದಾನೆ, ಯಾವ ಬಂಧುವೂ ಜಿಮ್ಮಿಗೆ ಸೇರು ಎಂದಿಲ್ಲ.

"ಹೆಣ್ಣುಮಕ್ಕಳು ಅನುಭವಿಸುವುದರ ಮುಂದೆ ಇದೇನು ಮಹಾ?" ಎಂದು ಗೆಳತಿಯರು ಕೇಳಬಹುದು. ನಿಜ, ಅವರ ಪಾಡು ಇದರ ಹತ್ತು ಪಟ್ಟು. ಆದರೆ ಒಮ್ಮೆ ಗಮನಿಸಿ, ಎರಡೂ ಕಡೆ ಆಡುವ ಬಾಯಿ ಒಂದೇ. ಸೊಸೆಯ ಬಣ್ಣ ಅಳೆಯುವವರೇ ಮೊಮ್ಮಗನ ಎದೆ ಅಳೆಯುವುದು. ಯಾರಿಗೆ ಹೆಚ್ಚು ಬಿತ್ತು ಎಂದು ನಾವು ಜಗಳವಾಡುತ್ತಾ ಕುಳಿತರೆ ಅವರಿಗೆ ಅನುಕೂಲ.

ನಿಮ್ಮ ದೇಹವನ್ನು ಪ್ರೀತಿಸಿ ಎನ್ನುವ ಸುಂದರ ಪೋಸ್ಟರುಗಳೂ ನನಗೆ ಆಗಿಬರುವುದಿಲ್ಲ. ಈ ಬೋಳುತಲೆಯನ್ನೂ ಡೊಳ್ಳುಹೊಟ್ಟೆಯನ್ನೂ ನಾನು ಪ್ರೀತಿಸುವುದಿಲ್ಲ, ಸುಳ್ಳು ಏಕೆ ಹೇಳಲಿ? ಅವುಗಳ ಪರವಾಗಿ ಕ್ಷಮೆ ಕೇಳುವುದನ್ನು ಬಿಟ್ಟಿದ್ದೇನೆ, ಅಷ್ಟೇ. ಯಾರಾದರೂ ಹೊಟ್ಟೆ ತಟ್ಟಿದರೆ ಈಗ ನಗುವುದಿಲ್ಲ, ಸುಮ್ಮನೆ ಅವರ ಮುಖ ನೋಡುತ್ತೇನೆ. ಕಷ್ಟವಾಗುತ್ತದೆ, ಅವರಿಗೆ. ಕಳೆದ ವರ್ಷ ಮಲ್ಪೆಯಲ್ಲಿ ಜೀವನದಲ್ಲಿ ಮೊದಲ ಸಲ ಅಂಗಿ ತೆಗೆದು ಸಮುದ್ರಕ್ಕೆ ಇಳಿದೆ. ಒಬ್ಬರೂ ತಿರುಗಿ ನೋಡಲಿಲ್ಲ. ಸ್ವಲ್ಪ ಬೇಸರವೇ ಆಯಿತು.

"ದಿನಾ ವಾಕಿಂಗ್ ಮಾಡಿ ಸರ್" ಎಂದು ಕಮೆಂಟು ಹಾಕಲು ಬೆರಳು ತುರಿಸುತ್ತಿರುವವರ ಗಮನಕ್ಕೆ: ಮಾಡುತ್ತೇನೆ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ, ಬೆಳಿಗ್ಗೆ ಆರು ಗಂಟೆಗೆ. ಬರುವುದಾದರೆ ಬನ್ನಿ, ಹೊಟ್ಟೆಯ ವಿಷಯ ಬಿಟ್ಟು ಬೇರೆ ಏನನ್ನಾದರೂ ಮಾತನಾಡೋಣ.