ಇಬ್ಬರು ಅಪ್ಪಂದಿರ ಊರು

ನಮ್ಮ ಕುಷ್ಟಗಿ ಕಡೆ ಮಕ್ಕಳಿಲ್ಲದವರು ದತ್ತು ತಗೊಂಡರೆ ಮೊದಲು ಕೂಸಿಗೆ ಹಾಲು ಕುಡಿಸುತ್ತಾರೆ. ವಿಶ್ವವಿದ್ಯಾಲಯದವರು ದತ್ತು ತಗೊಂಡರೆ ಮೊದಲು ಬ್ಯಾನರ್ ಕಟ್ಟುತ್ತಾರೆ.

2014ರಲ್ಲಿ ಕೇಂದ್ರ ಸರ್ಕಾರ ಉನ್ನತ ಭಾರತ ಅಭಿಯಾನ ಅಂತ ಶುರು ಮಾಡಿತು. ಕಾಲೇಜು, ವಿಶ್ವವಿದ್ಯಾಲಯಗಳು ಹಳ್ಳಿಗಳನ್ನು ದತ್ತು ತಗೊಳ್ಳಬೇಕು, ಅಲ್ಲಿನ ಕಷ್ಟಕ್ಕೆ ತಮ್ಮ ಓದಿನಿಂದ ದಾರಿ ಹುಡುಕಬೇಕು. ಒಂದೊಂದು ಸಂಸ್ಥೆಗೆ ಐದು ಹಳ್ಳಿ. ಯೋಚನೆ ಚೆನ್ನಾಗಿಯೇ ಇದೆ. ಆದರೆ ಒಂದೇ ಸಲಕ್ಕೆ ಐದು ಮಕ್ಕಳನ್ನು ತಂದ ಮನೆಯಲ್ಲಿ ಯಾವುದು ಉಂಡಿತು, ಯಾವುದು ಉಪವಾಸ ಮಲಗಿತು ಅಂತ ನೋಡುವವರು ಯಾರು? ನಮ್ಮೂರಿನ ಅದೃಷ್ಟವಂತೂ ಜೋರು. ಎರಡು ವಿಶ್ವವಿದ್ಯಾಲಯಗಳು ದತ್ತು ತಗೊಂಡವು, ಇಬ್ಬರು ಅಪ್ಪಂದಿರು. ಬಸ್ ನಿಲ್ಲುವ ಜಾಗದಲ್ಲಿ ಈ ಕಂಬಕ್ಕೆ ಒಬ್ಬರ ಬ್ಯಾನರ್, ಆ ಕಂಬಕ್ಕೆ ಇನ್ನೊಬ್ಬರದು.

ನಮ್ಮ ಕಷ್ಟ ನೀರು. ಬೋರಿನಲ್ಲಿ ಫ್ಲೋರೈಡ್. ಕುಷ್ಟಗಿ, ಯಲಬುರ್ಗಾ ಸೀಮೆಗೆ ಇದು ಹೊಸ ಸುದ್ದಿ ಅಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುತ್ತಾರೆ. ದಾಟಿದ ಲೆಕ್ಕ ಮಕ್ಕಳ ಹಲ್ಲಿನ ಮೇಲೆ ಕಂದು ಬಣ್ಣದಲ್ಲಿ ಬರೆದಿರುತ್ತದೆ. ಕಾಸಿ ಕುಡಿದರೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಇನ್ನೂ ಗಟ್ಟಿಯಾಗುತ್ತದೆ. ಐದು ರೂಪಾಯಿ ನಾಣ್ಯ ಹಾಕಿದರೆ ಒಂದು ಕ್ಯಾನ್ ನೀರು ಕೊಡುವ ಶುದ್ಧ ನೀರಿನ ಘಟಕ ಇದೆ. ಅಂದರೆ, ಕಟ್ಟಡ ಇದೆ.

ಮೊದಲನೇ ಅಪ್ಪನ ತಂಡ ಬಂತು. ಕುಡಿಯೋಕೆ ತಮ್ಮದೇ ಬಾಟಲಿ ನೀರಿನ ಬಾಕ್ಸು ತಂದಿದ್ದರು. ಸಂಶೋಧನೆ ಅಲ್ಲಿಗೇ ಮುಗಿದಿತ್ತು ಅನ್ನಿ. ಆದರೂ ಫಾರಂ ತುಂಬಬೇಕಲ್ಲ. ಮೂವತ್ತು ವರ್ಷದಿಂದ ಅದೇ ನೀರು ಕುಡಿದು ಬೆನ್ನು ಬಾಗಿದ ಅಜ್ಜನಿಗೆ ಒಬ್ಬ ಹುಡುಗ ಕೇಳಿದ: 'ಫ್ಲೋರೋಸಿಸ್ ಬಗ್ಗೆ ನಿಮಗೆ ಅರಿವು ಇದೆಯೇ? ಹೌದು, ಇಲ್ಲ?'

'ಹಂಗಂದ್ರೇನಪಾ ತಮ್ಮಾ?' ಅಂದ ಅಜ್ಜ.

ಹುಡುಗ 'ಇಲ್ಲ' ಅಂತ ಟಿಕ್ ಹಾಕಿದ. ಜನರಲ್ಲಿ ಅರಿವಿನ ಕೊರತೆ ಇದೆ ಎಂಬ ಫಲಿತಾಂಶ ಹುಟ್ಟಿದ್ದು ಹೀಗೆ.

ನಮ್ಮ ದೊಡ್ಡಪ್ಪ ಪಂಚಾಯಿತಿ ಮೆಂಬರ್. ತಂಡದ ಗೈಡ್ ಸಾಹೇಬರನ್ನು ಹಿಡಿದು ಕೇಳಿದರು: 'ಈ ಘಟಕ ಯಾಕ ಪದೇ ಪದೇ ಕೆಡತೈತಿ, ಅದನ್ನ ಕಂಡ್ಹಿಡೀರಿ ಸರ.' ಸಾಹೇಬರು ತಾಳ್ಮೆಯಿಂದ ತಿಳಿಸಿದರು. ಅದರಲ್ಲಿ ರಿಸರ್ಚ್ ಗ್ಯಾಪ್, ಅಂದರೆ ಯಾರೂ ಹುಡುಕದೆ ಬಿಟ್ಟ ಪ್ರಶ್ನೆ, ಇಲ್ಲವಂತೆ.

'ಗ್ಯಾಪ್ ಬೇಕಾದ್ರ ಬರ್ರಿ, ಟ್ಯಾಂಕಿನ ಬುಡದಾಗ ತೋರಸ್ತೀನಿ.'

ಎರಡನೇ ಅಪ್ಪ ಬಂದಿದ್ದು ಗಿಡ ನೆಡೋಕೆ. ನೀರಿಲ್ಲದ ಊರಿಗೆ ಗಿಡ, ಇರಲಿ. ನಮ್ಮ ಆಯಿ ಕೈಯಲ್ಲಿ ಬೇವಿನ ಸಸಿ ನೆಡಿಸಿ ಫೋಟೊ ತೆಗೆದರು. ಆಮೇಲೆ ನೋಡಿದರೆ ಫೋಟೊದಲ್ಲಿ ಜಿಯೋಟ್ಯಾಗ್ ಬಂದಿಲ್ಲ. ಕಾಲೇಜು, ವಿಶ್ವವಿದ್ಯಾಲಯಗಳಿಗೆ ಗ್ರೇಡ್ ಕೊಡುವ ನ್ಯಾಕ್‌ನವರಿಗೆ ಅಕ್ಷಾಂಶ, ರೇಖಾಂಶ ಬೇಕಂತೆ. ಸಸಿ ಕಿತ್ತು ಮತ್ತೆ ನೆಡಿಸಿದರು. ಈ ಸಲ ಪಕ್ಕದೂರಿನ ಹೆಸರು ಬಂತು. ಮೂರನೇ ಸಲ ಕಿತ್ತಾಗ ಆಯಿ ಅಂದಳು: 'ಅದನ್ನರ ಬದುಕಾಕ ಬಿಡ್ರೋ ಯಪ್ಪಾ.' ಫೋಟೊ ಸರಿ ಬಂತು. ಸಸಿ ಹೋಯಿತು.

ನೆದರ್‌ಲ್ಯಾಂಡ್ಸ್ ಅನ್ನೋ ದೇಶದಲ್ಲಿ 1970ರ ದಶಕದಲ್ಲೇ ವಿಶ್ವವಿದ್ಯಾಲಯಗಳು 'ವಿಜ್ಞಾನದ ಅಂಗಡಿ' ತೆರೆದವು. ಜನರೇ ತಮ್ಮ ಪ್ರಶ್ನೆ ಹೊತ್ತು ಅಲ್ಲಿಗೆ ಹೋಗಬಹುದು. ವಿದ್ಯಾರ್ಥಿಗಳು, ಮೇಷ್ಟ್ರುಗಳು ಸೇರಿ ಉತ್ತರ ಹುಡುಕಿ ಅವರ ಕೈಗೇ ಕೊಡಬೇಕು. ದೊಡ್ಡಪ್ಪನಿಗೆ ಇದನ್ನು ಹೇಳಿದೆ. 'ಉದ್ರಿ ಕೊಡ್ತಾರೇನು?' ಅಂತ ಕೇಳಿದರು. ಅಷ್ಟು ದೂರ ಯಾಕೆ, ಪಟಿಕ, ಸುಣ್ಣ ಹಾಕಿ ಫ್ಲೋರೈಡ್ ಇಳಿಸುವ ನಲ್ಗೊಂಡ ವಿಧಾನ ನಮ್ಮ ನಾಗಪುರದ 'ನೀರಿ' ಅನ್ನೋ ಪರಿಸರ ಸಂಶೋಧನಾ ಸಂಸ್ಥೆಯವರದೇ. ಅದೂ ಎಷ್ಟೋ ದಶಕ ಹಳೆಯದು. ತೆಲಂಗಾಣದ ನಲ್ಗೊಂಡ ನಮಗೇನು ಪರದೇಶವಲ್ಲ. ಅದು ನಮ್ಮೂರಿಗೆ ಹೊಂದುತ್ತದಾ, ದಿನಾ ಮಾಡುವವರು ಯಾರು, ಅದರ ಕೆಸರು ಎಲ್ಲಿ ಚೆಲ್ಲುವುದು? ಇಷ್ಟು ನೋಡಿ ಹೇಳಿದ್ದರೆ ಸಾಕಿತ್ತು. ಆದರೆ ಇದರಲ್ಲೂ ಗ್ಯಾಪ್ ಇಲ್ಲ, ಅಲ್ವಾ.

ನಮ್ಮ ನೀರಿನ ಸ್ಯಾಂಪಲ್ ಮಾತ್ರ ಬಾಟಲಿಯಲ್ಲಿ ಹೋಗಿತ್ತು. ಎಷ್ಟು ಬಂತು ಅಂತ ದೊಡ್ಡಪ್ಪ ಫೋನ್ ಮಾಡಿದರು. ಸಂಶೋಧನೆಯ ಪೇಪರ್ ರಿವ್ಯೂದಲ್ಲಿದೆಯಂತೆ, ಬೇರೆ ಪಂಡಿತರು ಪರಿಶೀಲಿಸುತ್ತಿದ್ದಾರಂತೆ, ಪಬ್ಲಿಷ್ ಆಗುವವರೆಗೆ ಹೇಳುವ ಹಾಗಿಲ್ಲವಂತೆ. ಮುಂದಿನ ವರ್ಷವೂ ಅದೇ ಉತ್ತರ. ಅಲ್ಲಿವರೆಗೂ ನಾವು ಆ ನೀರನ್ನೇ ಕುಡಿಯುತ್ತಾ ಕಾದೆವು.

ಹೋದ ತಿಂಗಳು ಸಾಹೇಬರು ಖುದ್ದಾಗಿ ಬಂದರು. ಕೈಯಲ್ಲಿ ಟೈಪ್ ಮಾಡಿದ ಪತ್ರ. 'ಸದರಿ ಸಂಶೋಧನೆಯಿಂದ ನಮ್ಮ ಗ್ರಾಮಕ್ಕೆ ಬಹಳ ಪ್ರಯೋಜನವಾಗಿರುತ್ತದೆ.' ಕೆಳಗೆ ಸಹಿಗೆ ಜಾಗ. ನ್ಯಾಕ್ ಫೈಲಿಗೆ ತುರ್ತಾಗಿ ಬೇಕಿತ್ತಂತೆ.

ದೊಡ್ಡಪ್ಪ ಕನ್ನಡಕ ಏರಿಸಿ ಎರಡು ಸಲ ಓದಿದರು. ಮಡಚಿ ಅಂಗಿ ಜೇಬಿಗೆ ಇಟ್ಟುಕೊಂಡರು.

'ಸಹಿ ರಿವ್ಯೂದಾಗ ಐತ್ರಿ ಸರ. ಪಬ್ಲಿಷ್ ಆದ ಮ್ಯಾಲ ಹೇಳ್ತೀನಿ.'