ಚಿಟ್ಟೆ ಯಾವಾಗ ಬರುತ್ತದೆ?

ಮಕ್ಕಳಿಗಾಗಿ ನಾನು ಆರಿಸಿದ್ದು 1968ರ ‘ಚಿಟ್ಟಿ ಚಿಟ್ಟಿ ಬ್ಯಾಂಗ್ ಬ್ಯಾಂಗ್’. ಹೆಸರು ಕಿವಿಗೆ ಬಿದ್ದೊಡನೆ ಅಮ್ಮ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದಳು. “ಚಿಟ್ಟೆಯ ಸಿನಿಮಾ ಏನೋ? ಹಾಗಾದರೆ ನಾನೂ ನೋಡುತ್ತೇನೆ” ಎಂದು ಕುರ್ಚಿ ಎಳೆದುಕೊಂಡು ಕುಳಿತಳು. ಅದು ಚಿಟ್ಟೆಯಲ್ಲ, ಹಳೆಯ ಕಾರಿನ ಎಂಜಿನ್ ಮಾಡುವ ಸದ್ದು ಎಂದು ಆಗಲೇ ಹೇಳಿಬಿಟ್ಟಿದ್ದರೆ ಚೆನ್ನಾಗಿತ್ತು. ಹೇಳಲಿಲ್ಲ.

ಎರಡೂಕಾಲು ಗಂಟೆಗೂ ಮೀರಿದ ಸಿನಿಮಾ ಅದು. ತಲೆ ತುಂಬ ಯಂತ್ರಗಳನ್ನೇ ತುಂಬಿಕೊಂಡ, ಹೆಂಡತಿಯಿಲ್ಲದ ಬಡ ಸಂಶೋಧಕ, ಇಬ್ಬರು ಮಕ್ಕಳು, ಗುಜರಿಗೆ ಹೋಗಬೇಕಿದ್ದ ಒಂದು ಕಾರು. ಆ ಕಾರು ಹಾರುವುದನ್ನು ನೋಡಲು ಅರ್ಧ ಸಿನಿಮಾ ಕಾಯಬೇಕು. ಅಲ್ಲಿಯವರೆಗೆ ಹಾಡಿನ ಮೇಲೆ ಹಾಡು. ಹತ್ತು ನಿಮಿಷಕ್ಕೊಮ್ಮೆ ಅಮ್ಮ, “ಚಿಟ್ಟೆ ಯಾವಾಗ ಬರುತ್ತದೆ?” ಎಂದು ಕೇಳುತ್ತಿದ್ದಳು. ನಡುವೆ ಒಂದು ಸಲ ಮಾತ್ರ ಬೇರೆ ಪ್ರಶ್ನೆ ಬಂತು: “ಈ ಮುದುಕ ಅವನ ಅಪ್ಪ ಹೇಗಾಗುತ್ತಾನೆ? ಇಬ್ಬರಿಗೂ ಒಂದೇ ವಯಸ್ಸು.” ಮೇಕಪ್ಪು ಅಷ್ಟು ಚೆನ್ನಾಗಿರುವಾಗ ಇದೆಂಥ ತಕರಾರು ಎಂದುಕೊಂಡು ಮೊಬೈಲಿನಲ್ಲಿ ಹುಡುಕಿದೆ. ಮಗನಾಗಿರುವ, ಅಂದರೆ ಆ ಸಂಶೋಧಕನ ಪಾತ್ರದ ಡಿಕ್ ವ್ಯಾನ್ ಡೈಕ್ ಹುಟ್ಟಿದ್ದು 1925ರ ಡಿಸೆಂಬರ್. ಅಪ್ಪನಾಗಿರುವ ಲಯೊನೆಲ್ ಜೆಫ್ರೀಸ್ ಹುಟ್ಟಿದ್ದು 1926ರ ಜೂನ್. ಅಪ್ಪನೇ ಮಗನಿಗಿಂತ ಆರು ತಿಂಗಳು ಚಿಕ್ಕವನು! ಮೊಬೈಲನ್ನು ಸದ್ದಿಲ್ಲದೆ ಜೇಬಿಗೆ ಸೇರಿಸಿದೆ.

ಕೊನೆಗೂ ಕಾರು ಬಂಡೆಯ ಅಂಚಿನಿಂದ ಕೆಳಗೆ ಉರುಳಿತು. ಮಕ್ಕಳು ಉಸಿರು ಬಿಗಿಹಿಡಿದರು. ಸರಿಯಾಗಿ ಆ ಕ್ಷಣಕ್ಕೆ ನನಗೆ ಬಾಯಾರಿಕೆಯಾಯಿತು. ನಿಲ್ಲಿಸಲು ರಿಮೋಟ್ ಒತ್ತಿದೆ. ಒತ್ತಿದ್ದು ಯಾವ ಗುಂಡಿಯೋ, ಸಿನಿಮಾ ನೆಟ್ಟಗೆ ಮೊದಲ ದೃಶ್ಯಕ್ಕೆ ಹೋಗಿ ನಿಂತಿತು.

ಮುಂದಿನದನ್ನು ವಿವರಿಸುವುದಿಲ್ಲ. ಮಗಳು ಅತ್ತಳು, ಮಗ ರಿಮೋಟ್ ಕಿತ್ತುಕೊಂಡ, ಹೆಂಡತಿ ಒಳಗಿನಿಂದ ಬಂದು ನೋಡಿ ಏನೂ ಹೇಳದೆ ಹೋದಳು. ಮತ್ತೆ ಕಾರು ಬೀಳುವ ಜಾಗಕ್ಕೆ ಬರಲು ಎಲ್ಲವನ್ನೂ ವೇಗವಾಗಿ ಓಡಿಸಬೇಕಾಯಿತು. ಆಗ ಗೊತ್ತಾಯಿತು ನೋಡಿ, ಸಿನಿಮಾ ಅಳೆಯಲು ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಸಿಹಿತಿಂಡಿಯ ಕಾರ್ಖಾನೆಗೆ ನಾಯಿಗಳ ಹಿಂಡು ನುಗ್ಗುವಲ್ಲಿ ಇಬ್ಬರೂ “ನಿಲ್ಲಿಸು!” ಎಂದು ಕೂಗಿದರು. ಜಾತ್ರೆಯಲ್ಲಿ ಬಿದಿರುಕೋಲು ಹಿಡಿದು ಕುಣಿಯುವಲ್ಲಿ ಮತ್ತೊಮ್ಮೆ. ಜೋಗುಳ ಓಡಿಹೋದದ್ದು ಯಾರ ಗಮನಕ್ಕೂ ಬರಲಿಲ್ಲ. ಪ್ರೇಮದ ಹಾಡು ಓಡುವಾಗಲಂತೂ ಅಮ್ಮ, “ಹೀಗೆಯೇ ಇರಲಿ, ಚೆನ್ನಾಗಿದೆ” ಎಂದಳು. ಒಂದು ಗಂಟೆಯ ಕಥೆ ಆರು ನಿಮಿಷಕ್ಕೆ ಇಳಿದರೂ ಯಾರಿಗೂ ಏನೂ ಕಳೆದುಕೊಂಡಂತೆ ಅನ್ನಿಸಲಿಲ್ಲ. ನಿರ್ದೇಶಕ ಕೆನ್ ಹ್ಯೂಸ್ ಅವರ ಕೈಗೆ ಇಂಥದ್ದೊಂದು ರಿಮೋಟ್ ಕೊಡಬೇಕಿತ್ತು.

ಕಾರು ಮತ್ತೆ ಬಿತ್ತು. ಈ ಸಲ ಹಳದಿ ಕೆಂಪು ಪಟ್ಟೆಯ ರೆಕ್ಕೆಗಳು ಬಿಚ್ಚಿಕೊಂಡವು. “ಬಂತು ನೋಡು ಚಿಟ್ಟೆ! ನಾನು ಹೇಳಲಿಲ್ಲವೇ?” ಎಂದಳು ಅಮ್ಮ.

ಅಲ್ಲಿಂದಾಚೆ ಅದು ಬೇರೆಯದೇ ಸಿನಿಮಾ. ಮಕ್ಕಳನ್ನೇ ನಿಷೇಧಿಸಿರುವ ರಾಜ್ಯ, ಹಾಡುತ್ತಲೇ ಹೆಂಡತಿಯನ್ನು ಮುಗಿಸಲು ನೋಡುವ ದೊರೆ (ಈ ಹಾಡಿಗೆ ನಾನು ಸ್ವಲ್ಪ ಜೋರಾಗಿಯೇ ನಕ್ಕೆ, ಒಳಗಿನಿಂದ ಪಾತ್ರೆಯ ಸದ್ದು ಕೇಳಿತು). ಆಮೇಲೆ ಗೊಂಬೆಗಳ ದೃಶ್ಯ. ನಾಯಕಿ ಸಂಗೀತದ ಪೆಟ್ಟಿಗೆಯ ಮೇಲೆ ಕೀಲಿ ಕೊಟ್ಟ ಬೊಂಬೆಯಾಗಿ ತಿರುಗುತ್ತಾಳೆ, ನಾಯಕ ಬಟ್ಟೆಯ ಬೊಂಬೆಯಾಗಿ ಅವಳ ಸುತ್ತ ಕುಸಿದು ಕುಸಿದು ಏಳುತ್ತಾನೆ. ಅವಳ ಹಾಡೇ ಬೇರೆ, ಅವನ ಹಾಡೇ ಬೇರೆ. ಎರಡೂ ಒಟ್ಟಿಗೆ ಸೇರಿದಾಗ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಶರ್ಮನ್ ಸೋದರರ ಸಂಗೀತದ ಜಾಣ್ಮೆ ಅಲ್ಲಿದೆ. ಆ ಮೂರು ನಿಮಿಷ ಮಕ್ಕಳೂ ರಿಮೋಟ್ ಮುಟ್ಟಲಿಲ್ಲ.

ಆದರೆ ಅವರ ಮನಸ್ಸಿನಲ್ಲಿ ಉಳಿದದ್ದು ಅದಲ್ಲ, ಮಕ್ಕಳನ್ನು ಹಿಡಿಯುವವನು. ಕಪ್ಪು ಬಟ್ಟೆ, ಉದ್ದ ಮೂಗು. ಮೂಸಿ ನೋಡಿಯೇ ಮಕ್ಕಳು ಎಲ್ಲಿದ್ದಾರೆಂದು ಕಂಡುಹಿಡಿಯುತ್ತಾನೆ, ಬಿಟ್ಟಿ ಸಿಹಿ ಕೊಡುತ್ತೇನೆಂದು ಕರೆದು ಬೋನಿಗೆ ತುಂಬುತ್ತಾನೆ. ಇಯಾನ್ ಫ್ಲೆಮಿಂಗ್ ಬರೆದ ಮೂಲ ಪುಸ್ತಕದಲ್ಲಿ ಇವನು ಇಲ್ಲವೇ ಇಲ್ಲ. ಚಿತ್ರಕಥೆ ಬರೆದವರಲ್ಲಿ, ಮಕ್ಕಳ ಕಥೆಗಳಲ್ಲೇ ಕ್ರೂರಿಗಳನ್ನು ತಂದು ಕೂರಿಸುವ ರೋಲ್ಡ್ ಡಾಲ್ ಕೂಡ ಒಬ್ಬರು ಎಂದು ತಿಳಿದಾಗ ನನಗೇನೂ ಆಶ್ಚರ್ಯವಾಗಲಿಲ್ಲ. ಆ ಪಾತ್ರದಲ್ಲಿ ಬ್ಯಾಲೆ ನರ್ತಕ ರಾಬರ್ಟ್ ಹೆಲ್ಪ್‌ಮನ್ ತುದಿಗಾಲಿನಲ್ಲಿ ಜಿಗಿಯುತ್ತ ಬಂದಾಗ ಮಗಳು ದಿಂಬಿನ ಕೆಳಗೆ ಹೋದಳು. ಮಗ ಧೈರ್ಯವಾಗಿ ನನ್ನ ಬೆನ್ನ ಹಿಂದೆ ಕುಳಿತ. ಸಿನಿಮಾದಲ್ಲಿ ಅವನು ಇರುವುದು ಕೆಲವೇ ನಿಮಿಷ, ನಮ್ಮ ಮನೆಯಲ್ಲಿ ಮಾತ್ರ ಒಂದು ವಾರ ಇದ್ದ.

ಆ ವಾರವೇ ನಮ್ಮ ಕಚೇರಿಯ ಮೇಲಧಿಕಾರಿ ಮನೆಗೆ ಬಂದರು. ಹೊರಗೆ ಮಳೆ. ಕಪ್ಪು ಮಳೆಕೋಟು, ಕಪ್ಪು ಟೋಪಿ, ಕೈಯಲ್ಲಿ ಸಿಹಿಯ ಪೊಟ್ಟಣ. ನೆಗಡಿ ಬೇರೆ, ಪಾಪ. ಬಾಗಿಲು ತೆರೆದ ಮಗಳ ಎದುರು ಎರಡು ಸಲ ಮೂಗೆಳೆದು, “ಮಕ್ಕಳಿಗೆಂದು ಸಿಹಿ ತಂದಿದ್ದೇನೆ, ಬಾ” ಎಂದರು.

ಬಾಗಿಲು ಧಡಾರನೆ ಮುಚ್ಚಿತು. ಚಿಲಕ ಬಿತ್ತು. ನಾನು ಸ್ನಾನದ ಮನೆಯಿಂದ ಓಡಿ ಬರುವಷ್ಟರಲ್ಲಿ ಮಕ್ಕಳು ಬಾಗಿಲಿಗೆ ಕುರ್ಚಿಗಳನ್ನು ಅಡ್ಡ ಒಟ್ಟಿದ್ದರು. ಅಮ್ಮ ಕಿಟಕಿಯ ಬಳಿ ನಿಂತು, ಮಳೆಯಲ್ಲಿ ತೊಯ್ಯುತ್ತಿದ್ದ ಅವರನ್ನು ಸಮಾಧಾನಪಡಿಸುತ್ತಿದ್ದಳು: “ಬೇಸರ ಮಾಡಿಕೊಳ್ಳಬೇಡಿ, ನೀವು ಆ ಚಿಟ್ಟೆಯ ಸಿನಿಮಾ ನೋಡಿದ್ದೀರಾ?”