ಸ್ಪಷ್ಟನೆ: ಕಾರ್ಬ್ ಬಿಟ್ಟರೆ ಶುಗರ್ ವಾಸಿಯಾಗುತ್ತಾ?

'ಎರಡು ವಾರ ಕಾರ್ಬ್ (ಅನ್ನ, ರೊಟ್ಟಿ, ಸಕ್ಕರೆಯಲ್ಲಿರುವ ಕಾರ್ಬೋಹೈಡ್ರೇಟ್) ಬಿಡಿ, ಶುಗರ್ ವಾಸಿ. ಕೊಲೆಸ್ಟ್ರಾಲ್ ಏರಿದರೆ ಚಿಂತೆ ಬೇಡ' ಎಂಬ ಸಂದೇಶ ಹರಿದಾಡುತ್ತಿದೆ. ಇದರಲ್ಲಿ ಸ್ವಲ್ಪ ಮಾತ್ರ ನಿಜ.

ಕಾರ್ಬ್ ಕಡಿಮೆ ಮಾಡಿದರೆ ಊಟದ ನಂತರದ ಶುಗರ್ ಬೇಗ ಇಳಿಯುತ್ತದೆ. ಅದು ವಾಸಿಯಾದ ಗುರುತಲ್ಲ. ಎಚ್‌ಬಿಎ1ಸಿ ಎಂಬ ರಕ್ತ ಪರೀಕ್ಷೆ ತೋರಿಸುವುದು ಸುಮಾರು 3 ತಿಂಗಳ ಶುಗರ್‌ನ ಸರಾಸರಿ; ಎರಡು ವಾರಕ್ಕೆ ಪೂರ್ತಿ ಚಿತ್ರ ಸಿಗುವುದಿಲ್ಲ. ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಕಾರ್ಬ್ ಬಿಟ್ಟಿರುವಾಗಲೇ 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆಗೆ ಹೋದರೆ, ಶುಗರ್ ಇಲ್ಲದವರಿಗೂ ರಿಪೋರ್ಟ್ ಜಾಸ್ತಿ ಬರಬಹುದು. ಅಷ್ಟು ಸಕ್ಕರೆಯನ್ನು ಒಮ್ಮೆಲೇ ನಿಭಾಯಿಸುವ ರೂಢಿ ದೇಹಕ್ಕೆ ತಪ್ಪಿರುತ್ತದೆ ಅಲ್ವಾ? ಅದಕ್ಕೇ ಪರೀಕ್ಷೆಗೆ ಮೊದಲು 3 ದಿನ, ದಿನಕ್ಕೆ ಕನಿಷ್ಠ 150 ಗ್ರಾಂ ಕಾರ್ಬ್ ತಿನ್ನಲು ಹೇಳುವುದು.

ಇನ್ನು ಕೊಲೆಸ್ಟ್ರಾಲ್ ವಿಷಯ. ಕಾರ್ಬ್ ಇಳಿಸಿದರೆ ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) ಸಾಮಾನ್ಯವಾಗಿ ಇಳಿಯುತ್ತದೆ, ಒಳ್ಳೆಯದೇ. ಆದರೆ ಕೆಲವರಿಗೆ, ಅದರಲ್ಲೂ ಸಣ್ಣಗಿರುವವರಿಗೆ, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ವಿಪರೀತ ಏರಬಹುದು. 190 mg/dL ದಾಟಿದ ಎಲ್‌ಡಿಎಲ್ ಅನ್ನು 'ಡಯಟ್‌ನಿಂದ ಬಂದದ್ದು ತಾನೇ' ಎಂದು ಸುಮ್ನೆ ಬಿಡುವುದು ತಪ್ಪು.

ದಯವಿಟ್ಟು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಎಂಬ ಶುಗರ್ ಮಾತ್ರೆ ತೆಗೆದುಕೊಳ್ಳುವವರು ಕಾರ್ಬ್ ಇಳಿಸಿದರೆ ಶುಗರ್ ತೀರಾ ಕುಸಿಯಬಹುದು: ಕೈ ನಡುಕ, ಬೆವರು, ತಲೆಸುತ್ತು. ಡೋಸ್ ಬದಲಿಸಬೇಕೇ ಎಂದು ಡಯಟ್ ಶುರು ಮಾಡುವ ಮೊದಲೇ ಡಾಕ್ಟರ್ ಹತ್ತಿರ ಕೇಳಿ.